ಎಡಗೈಯೂ ಎರಡನೇ ಗೇರೂ

ಕಳೆದ ವಾರ ನಮ್ಮ ಶಾಲೆಯ ಇಂಗ್ಲಿಷ್ ಮೇಡಂ ಹೊಸ ಕಾರು ತಂದರು. ಗೇರಿಲ್ಲದ ಕಾರು. ಗೇರಿಲ್ಲ ಅಂದರೆ ಒಳಗೆಲ್ಲೋ ಇರುತ್ತದೆ, ನಾವು ಹಾಕಬೇಕಾಗಿಲ್ಲ, ಅದೇ ಹಾಕಿಕೊಳ್ಳುತ್ತದೆ. "ನೀವು ಅಷ್ಟು ವರ್ಷದಿಂದ ಓಡಿಸ್ತಿದ್ದೀರಿ, ಒಂದು ರೌಂಡು ಹೋಗಿ ಹೇಗಿದೆ ಹೇಳಿ" ಎಂದು ಕೀಲಿಯನ್ನು ನನ್ನ ಕೈಗಿಟ್ಟು ತಾವು ಪಕ್ಕದಲ್ಲಿ ಕೂತರು. ನಾನೂ ಸ್ವಲ್ಪ ಬೀಗಿಕೊಂಡೇ ಸೀಟು ಹಿಂದೆ ಮುಂದೆ ಮಾಡಿ, ಕನ್ನಡಿ ಸರಿಮಾಡಿ ಹೊರಟೆ. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡು ದಾಟುವವರೆಗೆ ಎಲ್ಲ ಸುಸೂತ್ರ. ಅಲ್ಲೊಂದು ಎಮ್ಮೆ ಅಡ್ಡ ಬಂತು. ಎಮ್ಮೆ ಬಂದರೆ ಏನು ಮಾಡಬೇಕೆಂದು ನನ್ನ ಕೈಕಾಲಿಗೆ ನನ್ನನ್ನು ಕೇಳದೆಯೇ ಗೊತ್ತು. ಎಡಗಾಲು ಕ್ಲಚ್ಚನ್ನು ಒತ್ತಬೇಕು, ಎಡಗೈ ಗೇರನ್ನು ಇಳಿಸಬೇಕು. ಆ ಗಾಡಿಯಲ್ಲಿ ಕ್ಲಚ್ಚೇ ಇಲ್ಲವಲ್ಲ! ಎಡಗಾಲು ಹೋಗಿ ಇದ್ದ ಬ್ರೇಕನ್ನೇ ಜಾಡಿಸಿ ಒತ್ತಿತು. ಕಾರು ಮೊಳೆ ಹೊಡೆದಂತೆ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಮೇಡಂ ಅವರ ಊಟದ ಡಬ್ಬಿ ಮುಂದಕ್ಕೆ ಹಾರಿ ಚಿತ್ರಾನ್ನವೆಲ್ಲ ನಮ್ಮಿಬ್ಬರ ಸೀರೆಯ ಮೇಲೆ. ಎಮ್ಮೆ ಮಾತ್ರ ಒಮ್ಮೆ ನಮ್ಮ ಕಡೆ ನೋಡಿ ತನ್ನ ಪಾಡಿಗೆ ಹೋಯಿತು.

"ಇದೇನಾ ನಿಮ್ಮ ಡ್ರೈವಿಂಗು?" ಎಂದರು ಮೇಡಂ, ಕಡಲೆಕಾಯಿ ಬೀಜ ಕೊಡವಿಕೊಳ್ಳುತ್ತಾ.

ನನಗೆ ನಗು ತಡೆಯಲಾಗಲಿಲ್ಲ. ಆದರೆ ನಗುವಾಗಲೇ ಗಮನಿಸಿದೆ, ನನ್ನ ಎಡಗೈ ಇನ್ನೂ ಸೀಟುಗಳ ನಡುವಿನ ಕಡ್ಡಿಯನ್ನು ಹಿಡಿದು ಎರಡನೇ ಗೇರು ಎಲ್ಲಿದೆ ಎಂದು ತಡಕುತ್ತಲೇ ಇತ್ತು. ಪಾಪ, ಅದಕ್ಕೆ ಅಭ್ಯಾಸ. ಆ ಎಡಗೈಯ ಕಥೆಯನ್ನು ಯಾರಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳಿಬಿಡುತ್ತೇನೆ.

ನಾನು ವಿಜ್ಞಾನದ ಟೀಚರು. ಮನೆ ಪಾಂಡವಪುರದಲ್ಲಿ, ಶಾಲೆ ಕೆ.ಆರ್. ಪೇಟೆಯಲ್ಲಿ. ದಿನಾ ಚಿನಕುರಳಿ ಮೇಲೆ ಹೋಗಿ ಬರುವುದು. ನನ್ನ ಕಾರನ್ನು ಹೊರಗಿನಿಂದ ನೋಡಿದರೆ ಸಂತೆಗೆ ಹೋಗಿ ಸೊಪ್ಪು ತರಲು ಇಟ್ಟುಕೊಂಡಂತಿದೆ, ಗಿಡ್ಡಗೆ, ಬೂದು ಬಣ್ಣ. ಆದರೆ ಅದರ ಎಂಜಿನ್ನು ಅದರ ಮೈಗೆ ಮೀರಿದ್ದು. ಈಗಿನ ಹುಡುಗರು ಅಂಥದ್ದಕ್ಕೆ ಪರ್ಫಾರ್ಮೆನ್ಸ್ ಕಾರು ಅನ್ನುತ್ತಾರೆ. ಮೈಸೂರಿನ ಒಬ್ಬ ತರುಣ ಶೋಕಿಗೆ ತೆಗೆದುಕೊಂಡಿದ್ದ. ಮದುವೆ ನಿಶ್ಚಯವಾದ ಮೇಲೆ ಅತ್ತೆಮನೆಯವರು ಹೆದರಿಕೊಂಡರಂತೆ, ಮಾರಿದ. ನನಗೆ ಅವನ ಅತ್ತೆಮನೆಯವರ ಮೇಲೆ ಇವತ್ತಿಗೂ ಗೌರವ.

ನಮ್ಮ ಯಜಮಾನರು ಸ್ಕೂಟರು ಬಿಟ್ಟು ಬೇರೇನೂ ಓಡಿಸಿದವರಲ್ಲ. ಮೊದಲ ದಿನವೇ ಕೇಳಿದರು: "ಸ್ಕೂಲಿಗೆ ಹೋಗಿ ಬರೋಕೆ ಇಷ್ಟು ಓಟದ ಗಾಡಿ ಯಾಕೆ?"

"ಪ್ರಾರ್ಥನೆಗೆ ತಡ ಆಗಬಾರದಲ್ಲ" ಎಂದೆ. ಎಷ್ಟು ವೇಗದಲ್ಲಿ ಹೋಗುತ್ತಿದ್ದೆ ಎಂಬ ವಿಚಾರ ಇಲ್ಲಿ ಬೇಡ. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಈಗ ಪೊಲೀಸ್ ಇಲಾಖೆಯಲ್ಲಿದ್ದಾರೆ.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದು ವೇಗವಲ್ಲ, ಆ ಗೇರು. ಕಡ್ಡಿ ಗಿಡ್ಡದು. ಎರಡರಿಂದ ಮೂರಕ್ಕೆ ಹೋಗಲು ತೋಳು ಆಡಿಸಬೇಕಾಗಿಲ್ಲ, ಮಣಿಕಟ್ಟು ಸಾಕು. ಹಾಕುವಾಗ ಮೊದಲು ಒಂದು ಚೂರು ತಡೆಯುತ್ತದೆ. ಆಮೇಲೆ ಒಳಗಿನಿಂದ ಯಾರೋ ಬೆರಳು ಹಿಡಿದು ಎಳೆದುಕೊಂಡ ಹಾಗೆ ತಾನಾಗಿಯೇ ಹೋಗಿ ಕೂರುತ್ತದೆ. ಆ ತಡೆಯುವುದು ಮತ್ತು ಎಳೆದುಕೊಳ್ಳುವುದು, ಇವೆರಡರ ನಡುವಿನ ಕ್ಷಣವೇ ನನಗೆ ಸುಖ. ಕಬ್ಬಿನ ಕಾಲದಲ್ಲಿ ಚಿನಕುರಳಿ ರಸ್ತೆಯಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರಾಕ್ಟರುಗಳು, ಕ್ವಾರಿಯ ಜಲ್ಲಿ ಲಾರಿಗಳು ಸಾಲಾಗಿ ತೆವಳುತ್ತಿರುತ್ತವೆ. ಅವುಗಳ ಹಿಂದೆ ಕಾದಿದ್ದು, ಎದುರಿನ ರಸ್ತೆ ಖಾಲಿ ಕಂಡಾಗ ನಾಲ್ಕರಿಂದ ಮೂರಕ್ಕೆ ಇಳಿಸಿ ಒತ್ತಿದರೆ, ಸದ್ದೂ ಗಾಡಿಯೂ ಒಟ್ಟಿಗೆ ಮುಂದಕ್ಕೆ ಹೋಗುತ್ತವೆ. ಎಂಟು ವರ್ಷದಲ್ಲಿ ಆ ಗೇರು ಒಮ್ಮೆಯೂ ಕೈಕೊಡಲಿಲ್ಲ. ಮಳೆ, ಧೂಳು, ಮೇಲುಕೋಟೆ ಬೆಟ್ಟದ ತಿರುವು, ನನ್ನ ಸಿಟ್ಟು ಎಲ್ಲವನ್ನೂ ತಾಳಿಕೊಂಡಿತು. ಮೇಲುಕೋಟೆ ಹತ್ತುವಾಗ ಯಜಮಾನರು ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಾರಾಯಣನನ್ನು ಕೂಗುತ್ತಿದ್ದರು. ಗುಡಿ ಬರುವ ಮೊದಲೇ ಅವರ ಪೂಜೆ ಮುಗಿದಿರುತ್ತಿತ್ತು.

ಈ ಗೇರಿನ ಹುಚ್ಚು ಎಲ್ಲಿಂದ ಬಂತು ಅಂತೀರಾ? ನಮ್ಮಪ್ಪನಿಂದ. ಕ್ಯಾತನಹಳ್ಳಿಯಲ್ಲಿ ನಮಗೆ ಕಬ್ಬಿನ ಗದ್ದೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹಳೆಯ ಟ್ರಾಕ್ಟರೊಂದನ್ನು ತಂದರು. ತಮ್ಮ ನಿಂಗರಾಜನಿಗೆ ಆಗ ಏಳು ವರ್ಷ, ಕಾಲು ಕ್ಲಚ್ಚಿಗೆ ಎಟುಕುತ್ತಿರಲಿಲ್ಲ. ನನ್ನ ಕಾಲು ಎಟುಕುತ್ತಿತ್ತು. ನಾನು ಡ್ರೈವರಾಗಲು ಇದ್ದ ಅರ್ಹತೆ ಅದೊಂದೇ. ಅಪ್ಪ ಉತ್ತ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೇರಿನ ದಾರಿ ಬರೆದು, ಒಂದು ಇಲ್ಲಿ, ಎರಡು ಇಲ್ಲಿ ಎಂದು ತೋರಿಸಿದರು. ಕೂತು ಹಾಕಿದೆ. ಕರ್‍ರ್ ಎಂದು ಊರಿಗೇ ಕೇಳುವಂತೆ ಕಿರುಚಿತು.

"ಹಲ್ಲು ಕಡಿಸಬ್ಯಾಡ ಕಣವ್ವ, ಅದ್ಕೂ ನೋವಾಯ್ತದೆ. ಕ್ಲಚ್ ಒತ್ತು, ಒಂದುಸ್ರು ಕಾಯಿ. ಕೈಯಿಗೆ ಗೊತ್ತಾಯ್ತದೆ, ಆವಾಗ ಆಕು" ಎಂದರು ಅಪ್ಪ.

"ಗೊತ್ತಾಗದಿದ್ರೆ?"

"ಗೊತ್ತಾಗಗಂಟ ಕಾಯಿ. ಕಬ್ಬೇನು ಓಡೋಯ್ತದಾ?"

ಅಮ್ಮ ಬದುವಿನ ಮೇಲೆ ನಿಂತು, "ಎಣ್ಣೆಂಗ್ಸು ಟ್ರಾಕ್ಟ್ರು ಓಡ್ಸುದ್ರೆ ಯಾವನ್ ಕಟ್ಕೊಂಡಾನು?" ಎಂದು ಕೂಗುತ್ತಿದ್ದಳು. ಕಟ್ಟಿಕೊಂಡವರು ಬಾಗಿಲ ಹಿಡಿ ಹಿಡಿದುಕೊಂಡು ಇವತ್ತಿಗೂ ಪಕ್ಕದಲ್ಲಿ ಕೂರುತ್ತಿದ್ದಾರೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಆ ಟ್ರಾಕ್ಟರನ್ನೂ ಅದರ ನಂತರದ ಎರಡು ಟ್ರಾಕ್ಟರುಗಳನ್ನೂ ನಿಂಗರಾಜನೇ ಓಡಿಸಿದ. ಅವನ ಕೈಗೆ ಟ್ರಾಕ್ಟರಿನ ಗೇರು ಬಿಟ್ಟು ಇನ್ನೊಂದು ಗೊತ್ತಿಲ್ಲ.

ಹೋದ ವರ್ಷ ನಮ್ಮ ಶಾಲೆಯ ಗುಮಾಸ್ತೆಯ ಅತ್ತೆ ತೀರಿಕೊಂಡರು. ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋಗಬೇಕಿತ್ತು, ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಕಾವೇರಿಯ ಮೆಟ್ಟಿಲ ಮೇಲೆ ಪಾಚಿ. ಅವರ ಮನೆಯವರೆಲ್ಲ ಅಳುತ್ತಿರುವಾಗ, ಯಾವ ಸಂಬಂಧವೂ ಇಲ್ಲದ ನಾನು ನಾಲ್ಕು ಮೆಟ್ಟಿಲು ಜಾರಿ ಎಡಗೈ ಊರಿ ಬಿದ್ದೆ. ಎಲ್ಲರಿಗಿಂತ ಜೋರಾಗಿ ಅತ್ತಿದ್ದೂ ನಾನೇ. ಅತ್ತೆ ಎಂದರೆ ಎಷ್ಟು ಪ್ರೀತಿಯೋ ಇವರಿಗೆ ಎಂದು ಪಕ್ಕದವರು ಅಂದುಕೊಂಡರಂತೆ.

ಮಣಿಕಟ್ಟು ಮುರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಒಳಗೆ ಪ್ಲೇಟು ಕೂರಿಸಿದರು. ನೋಡಲು ಬಂದವರೆಲ್ಲ ಒಂದೇ ಮಾತು: "ಸದ್ಯ, ಎಡಗೈ ತಾನೆ, ಬುಡಿ. ಉಣ್ಣಕ್ಕೆ ಬರಿಯಕ್ಕೆ ಬಲಗೈ ಅದೆಯಲ್ಲ!" ನಾನೂ ಹೂಂ ಅಂದುಕೊಂಡೆ. ಎಡಗೈಯಲ್ಲಿ ನಾನು ಏನು ಮಾಡುತ್ತೇನೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಕಟ್ಟು ಬಿಚ್ಚಿದ ಮೇಲೆ ಮೂಳೆ ಕೂಡಿತ್ತು, ಆದರೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ನನ್ನವಲ್ಲ ಎನಿಸುತ್ತಿತ್ತು. ಮುಟ್ಟಿದರೆ ಮುಟ್ಟಿದ್ದು ತಿಳಿಯದು. ಒಂದು ಬೆಳಿಗ್ಗೆ ಕಾಫಿಯ ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡು ಪೇಪರು ಓದುತ್ತಾ ಕೂತಿದ್ದೆ. ಕುಡಿದು ಮುಗಿಸಿ ನೋಡಿದರೆ ಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದಿದೆ. ಬಿಸಿ ತಗುಲಿದ್ದೇ ಗೊತ್ತಾಗಿರಲಿಲ್ಲ. ಅವತ್ತು ನನಗೆ ನಿಜವಾಗಿ ಭಯವಾಯಿತು.

ಡಾಕ್ಟರು ಸಮಾಧಾನವಾಗಿಯೇ ಹೇಳಿದರು: "ನರ ಜಜ್ಜಿದೆ. ಸ್ಪರ್ಶ ನಿಧಾನಕ್ಕೆ ಬರಬಹುದು, ಬಾರದೆಯೂ ಇರಬಹುದು. ಗಾಡಿ ಓಡಿಸೋಕೆ ಬಲ ಸಾಕು, ಮೆಲ್ಲಗೆ ಶುರು ಮಾಡಿ. ಕಷ್ಟ ಆದರೆ ಗೇರಿಲ್ಲದ ಗಾಡಿ ಬೇಕಾದಷ್ಟು ಬಂದಿವೆಯಲ್ಲ." ಮನೆಯಲ್ಲಿ ಮಾಡಲು ಒಂದು ಅಭ್ಯಾಸವನ್ನೂ ಹೇಳಿಕೊಟ್ಟರು. ಕಣ್ಣು ಮುಚ್ಚಿಕೊಂಡು ಕಾಳುಗಳನ್ನು ಮುಟ್ಟಿ ಯಾವುದೆಂದು ಹೇಳಬೇಕು. ಸಂಜೆಯಾದರೆ ಯಜಮಾನರು ತಟ್ಟೆಯಲ್ಲಿ ಕಾಳು ಹರಡಿಕೊಂಡು ಪರೀಕ್ಷಕರ ಗತ್ತಿನಲ್ಲಿ ಎದುರಿಗೆ ಕೂರುತ್ತಿದ್ದರು. ಇಪ್ಪತ್ತೈದು ವರ್ಷ ಮಕ್ಕಳಿಗೆ ಪರೀಕ್ಷೆ ಮಾಡಿದ್ದರ ಶಾಪ ತಟ್ಟಿತು ಎಂದುಕೊಂಡೆ. ಅವರೆ ಗೊತ್ತಾಗುತ್ತಿತ್ತು. ಹುರುಳಿ ಒಂದೊಂದು ದಿನ ಗೊತ್ತಾಗುತ್ತಿತ್ತು. ರಾಗಿಯೋ ಸಾಸಿವೆಯೋ ಎಂದರೆ ಫೇಲು.

ಈ ಕಾಳಿನ ಪರೀಕ್ಷೆಯ ಮೇಲೆ ನನಗೆ ನಂಬಿಕೆಯಿರಲಿಲ್ಲ. ಮನಸ್ಸಿನಲ್ಲೇ ಬೇರೊಂದು ಪರೀಕ್ಷೆ ಇಟ್ಟುಕೊಂಡೆ. ನನ್ನ ಕಾರಿನ ಎರಡನೇ ಗೇರು. ಮೊದಲನೆಯದಕ್ಕೆ ಬಲ ಇದ್ದರೆ ಸಾಕು. ಎರಡನೆಯದಕ್ಕೆ ಆ ತಡೆ, ಆ ಎಳೆತ ಕೈಗೆ ತಿಳಿಯಬೇಕು. ಅದು ತಿಳಿದರೆ ಕೈ ಬಂದಂತೆ, ತಿಳಿಯದಿದ್ದರೆ ಕೈ ಹೋದಂತೆ. ಯಾರಿಗೂ ಹೇಳದೆ ನಾನೇ ಮಾಡಿಕೊಂಡ ತೀರ್ಮಾನ.

ನಾನು ಮನೆಯಲ್ಲೇ ಉಳಿದಿದ್ದ ಆ ತಿಂಗಳುಗಳಲ್ಲಿ ಪ್ರತಿ ಭಾನುವಾರ ನಿಂಗರಾಜ ಕ್ಯಾತನಹಳ್ಳಿಯಿಂದ ಬರುತ್ತಿದ್ದ. ನನ್ನನ್ನು ನೋಡಿ, ಎಳನೀರು ಕೊಚ್ಚಿಕೊಟ್ಟು, ಆಮೇಲೆ ಕಾರನ್ನು ಸ್ಟಾರ್ಟ್ ಮಾಡಿ ಬೀದಿಯ ಕೊನೆಯವರೆಗೆ ಓಡಿಸಿ ತಂದು ನಿಲ್ಲಿಸುತ್ತಿದ್ದ. ನಿಂತಲ್ಲೇ ನಿಂತರೆ ಬ್ಯಾಟರಿ ಸಾಯುತ್ತದೆ ಎಂದು ಯಾರೂ ಹೇಳದೆಯೇ ಅವನಿಗೆ ಗೊತ್ತಿತ್ತು. ಒಂದು ಸಲವಂತೂ ಕಾರನ್ನು ಊರಿಗೇ ತೆಗೆದುಕೊಂಡು ಹೋಗಿ, ತೊಳೆದು ಒರೆಸಿ ತಂದು, "ನಾನೇ ಸರ್ವೀಸ್ ಮಾಡಿವ್ನಿ ಕಣಕ್ಕ. ನೀನೆದ್ದು ಕೂತ್ಕಂಡ್ರೆ ಆಯ್ತು, ಗಾಡಿ ಮದುಮಗಳಂಗದೆ" ಎಂದ.

ಹಾಗೆ ಎದ್ದು ಕೂತ ದಿನ ಚಳಿಗಾಲದ ಬೆಳಿಗ್ಗೆ. ಮೊದಲನೇ ಗೇರು ಬಿತ್ತು. ಗಾಡಿ ಹೊರಟಿತು. ಕ್ಲಚ್ ಒತ್ತಿ ಎರಡಕ್ಕೆ ಎಳೆದೆ. ಹೋಗಲಿಲ್ಲ. ಮತ್ತೆ ಎಳೆದೆ. ಕೆಸರಿನಲ್ಲಿ ಕೋಲಾಡಿಸಿದಂತೆ ಅಲ್ಲೇ ಸುತ್ತಾಡಿತೇ ಹೊರತು ಕೂರುವ ಜಾಗವೇ ಸಿಗಲಿಲ್ಲ. ಬಲವಾಗಿ ಎಳೆದಾಗ ಒರಟಾಗಿ ಬಿತ್ತು. ತಡೆಯೂ ಇಲ್ಲ, ಎಳೆತವೂ ಇಲ್ಲ. ಮರುದಿನ ಹಾಗೇ. ಅದರ ಮರುದಿನವೂ ಹಾಗೇ. ಚಿನಕುರಳಿ ದಾಟುವ ಹೊತ್ತಿಗೆ ಸ್ವಲ್ಪ ಸಲೀಸಾಗುತ್ತಿತ್ತು. ಕೈ ಬೆಚ್ಚಗಾಗಿರಬೇಕು ಎಂದುಕೊಳ್ಳುತ್ತಿದ್ದೆ. ಆದರೆ ಆ ಹಳೆಯ ಸುಖ ಬರಲಿಲ್ಲ.

ಭಾನುವಾರ ನಿಂಗರಾಜನನ್ನು ಕೂರಿಸಿ, ಗೇರು ಹಾಕಿ ನೋಡೋ ಎಂದೆ. ಅವನು ಒಂದರಿಂದ ಆರರವರೆಗೆ ಎಳೆದಾಡಿ, "ಬೆಣ್ಣೆ ಅಂಗೆ ಬೀಳ್ತದಲ್ಲಕ್ಕ, ಏನಾಗದೆ ಇದ್ಕೆ?" ಎಂದ.

ಅಲ್ಲಿಗೆ ಮುಗಿಯಿತು. ಗೇರು ಸರಿಯಿದೆ, ಕೈ ಸರಿಯಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯುವ ನೆಪದಲ್ಲಿ ಅತ್ತೆ. ಅಪ್ಪ ಹೇಳಿದ ಹಾಗೆ ಕೈಗೆ ಗೊತ್ತಾಗುವವರೆಗೆ ಕಾದಿದ್ದೆ, ಆದರೆ ಗೊತ್ತಾಗಬೇಕಾದ ಬೆರಳುಗಳೇ ಸತ್ತಿದ್ದರೆ ಎಷ್ಟು ಕಾದು ಏನು? ಕಾಳಿನ ತಟ್ಟೆಯನ್ನೂ ಅವತ್ತೇ ಎತ್ತಿಟ್ಟೆ. ಯಜಮಾನರು ಕೇಳಿದರೆ, "ಸಾಕು, ಅವರೆಯೋ ಹುರುಳಿಯೋ ಕಣ್ಣಿದೆಯಲ್ಲ ನೋಡೋಕೆ" ಎಂದು ರೇಗಿದೆ.

ಕಾರು ಮಾರುವುದೆಂದು ತೀರ್ಮಾನಿಸಿದೆ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಅದರ ಮೇಲೆ ಮೊದಲಿಂದಲೂ ಕಣ್ಣು. ಹೇಳಿದ ತಕ್ಷಣ ಒಪ್ಪಿದರು. ಒಂದೇ ಕರಾರು: "ನಾಗಮಂಗಲದ ಕಾಳಾಚಾರ್ರು ಒಂದ್ಸಲ ನೋಡಿ ಊಂ ಅಂದ್ಬುಡ್ಲಿ ಮೇಡಮ್, ನಾನು ಕಣ್ಮುಚ್ಕೊಂಡು ತಗೊತೀನಿ." ಈ ಸೀಮೆಯಲ್ಲಿ ಹೆಣ್ಣು ತೋರಿಸುವ ಮೊದಲು ಜಾತಕ ತೋರಿಸಿದಂತೆ, ಹಳೆಯ ಗಾಡಿಯನ್ನು ಮಾರುವ ಮೊದಲು ಕಾಳಾಚಾರ್ರಿಗೆ ತೋರಿಸುವುದು ಪದ್ಧತಿ. ಅವರ ಹಿರಿಯರು ಹಿತ್ತಾಳೆಯ ದೀಪ, ವಿಗ್ರಹ ಎರೆಯುತ್ತಿದ್ದವರು. ಇವರು ಗೇರ್‌ಬಾಕ್ಸ್ ಬಿಚ್ಚುತ್ತಾರೆ.

ನಾನೂ ಯಜಮಾನರೂ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿಕೊಂಡು ಹೋದೆವು. ಆಚಾರ್ರಿಗೆ ಎಪ್ಪತ್ತರ ಹತ್ತಿರ. ಶೆಡ್ಡಿನ ಮುಂದೆ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿ, "ಕೂತ್ಕಳಿ ಟೀಚರಮ್ಮ" ಎಂದವರೇ ಗಾಡಿಯಲ್ಲಿ ಕೂತರು. ಸ್ಟಾರ್ಟ್ ಮಾಡಲಿಲ್ಲ. ಕ್ಲಚ್ ಒತ್ತಿ, ಕಣ್ಣು ಮುಚ್ಚಿಕೊಂಡು, ಎರಡು ಬೆರಳಿನಲ್ಲಿ ಕಡ್ಡಿಯನ್ನು ಅತ್ತಿತ್ತ ಮಾಡಿದರು. ಆಮೇಲೆ ಇಳಿದು ಬಂದು ನನ್ನನ್ನೇ ನೋಡಿದರು.

"ಇಂಥಾ ಗಾಡಿ ಯಾಕ್ ಮಾರ್ತಾ ಇದೀರವ್ವ?"

ಹೇಳಬಾರದೆಂದುಕೊಂಡಿದ್ದೆ. ಹೇಳಿಬಿಟ್ಟೆ. ಬಿದ್ದಿದ್ದು, ಬೆರಳು, ಬೊಬ್ಬೆ, ಎರಡನೇ ಗೇರು ಎಲ್ಲ. ಯಜಮಾನರು ಅದುವರೆಗೆ ಎರಡನೇ ಗೇರಿನ ವಿಷಯ ಕೇಳಿಯೇ ಇರಲಿಲ್ಲ. ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಆಚಾರ್ರು ಪೂರ್ತಿ ಕೇಳಿಸಿಕೊಂಡು, "ಬೆಳಿಗ್ಗೆ ಅಟ ಮಾಡ್ತದೆ, ಬಿಸಿಲೇರಿದ್ರೆ ಒಸಿ ನಯ ಆಯ್ತದೆ, ಅಲ್ವಾ?" ಎಂದರು.

"ಹೌದು. ಕೈ ಬೆಚ್ಚಗಾದ ಮೇಲೆ..."

"ಕೈ ಬುಡಿ ಅತ್ಲಾಗೆ."

ಗಾಡಿ ಆರಲಿ ಎಂದು ಅರ್ಧ ಗಂಟೆ ಕಾಯಿಸಿದರು. ಆಮೇಲೆ ಅದನ್ನು ಎತ್ತಿಸಿ ಕೆಳಗೆ ಮಲಗಿ, ಗೇರ್‌ಬಾಕ್ಸಿನ ಪಕ್ಕದ ಬಿರಡೆ ಬಿಚ್ಚಿ, ಬೆರಳು ತೂರಿಸಿ ಎಣ್ಣೆ ತೆಗೆದು ಮೂಸಿ ನೋಡಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳೆದರು. ಅದು ನೂಲಿನಂತೆ ಎಳೆ ಬಂತು.

"ಇದ್ಯಾವ ಪುಣ್ಯಾತ್ಮ ಟ್ರಾಕ್ಟ್ರು ಆಯಿಲ್ ತುಂಬವ್ನೆ ಇದ್ಕೆ?" ಎಂದು ಅಲ್ಲಿಂದಲೇ ಕೂಗಿದರು.

ಯಾವ ಪುಣ್ಯಾತ್ಮ ಎಂದು ನನಗೆ ತಕ್ಷಣ ಗೊತ್ತಾಯಿತು. ಮದುಮಗಳ ಹಾಗೆ ಮಾಡಿದ ಸರ್ವೀಸು! ಇಂಥ ಕಾರುಗಳ ಗೇರಿಗೆ ಹಾಕುವ ಎಣ್ಣೆ ಅಡುಗೆ ಎಣ್ಣೆಗಿಂತ ತೆಳ್ಳಗಿರುತ್ತದೆ. ನಿಂಗರಾಜ ಬಿರಡೆ ಬಿಚ್ಚಿ ನೋಡಿರಬೇಕು, ನೀರಿನಂತಿದೆ, ಅಕ್ಕನಿಗೆ ಯಾರೋ ಮೋಸ ಮಾಡಿದ್ದಾರೆ ಎಂದುಕೊಂಡಿರಬೇಕು. ಅದನ್ನು ಚೆಲ್ಲಿ, ತನ್ನ ಟ್ರಾಕ್ಟರಿಗೆ ತಂದಿಟ್ಟುಕೊಂಡಿದ್ದ, ಅವನ ಲೆಕ್ಕದಲ್ಲಿ ಒಳ್ಳೆಯ ದಪ್ಪ ಎಣ್ಣೆಯನ್ನು ಗಂಟಲಮಟ್ಟ ತುಂಬಿಸಿದ್ದ. ಅವನ ಕೈಗೆ ಗೇರು ಬೆಣ್ಣೆಯಂತೆ ಬಿದ್ದದ್ದರಲ್ಲಿ ಆಶ್ಚರ್ಯವೇನು? ಟ್ರಾಕ್ಟರಿನ ಪಕ್ಕದಲ್ಲಿ ಅದು ಬೆಣ್ಣೆಯೇ.

ಆಚಾರ್ರು ಕೆಳಗೆ ತಟ್ಟೆಯಿಟ್ಟು ಎಣ್ಣೆ ಇಳಿಸಿದರು. ಜೋನಿಬೆಲ್ಲದ ಹಾಗೆ ಮೆಲ್ಲಗೆ ಇಳಿಯಿತು. "ಒಳಗೆ ಹಿತ್ತಾಳೆ ಬಳೆ ಇರ್ತವೆ ಕಣ್ರವ್ವ, ಗೇರಿಗೊಂದು. ಅವು ಹೋಗಿ ಹಲ್ಲಿನ ಓಟ ತಡೆದು ಒಂದ್ಸಮ ಮಾಡ್ತವೆ, ಆಮ್ಯಾಕೆ ಗೇರು ಬೀಳ್ತದೆ. ಈ ಅಂಟಲ್ಲಿ ಬಳೆ ಇಡಿಯಾದಾದ್ರೂ ಎಂಗೆ? ಈ ಆಯಿಲ್ಲು ಹಿತ್ತಾಳೆಗೇ ಆಗಕಿಲ್ಲ. ಇನ್ನೊಂದು ವರ್ಸ ಓಡ್ಸಿದ್ರೆ ಬಳೆ ತಿಂದಾಕ್ಬುಡೋದು."

"ಹಾಗಾದ್ರೆ ನನ್ನ ಕೈ?"

"ನಿಮ್ ಕೈ ಸರ್ಯಾಗೇ ಹೇಳ್ಯದೆ. ಗೇರು ಬೀಳ್ತಾ ಇಲ್ಲ ಅಂತ ಹೇಳ್ತು, ಬೀಳ್ತಾನೇ ಇರ್ನಿಲ್ಲ. ನೀವು ಕೈನೇ ನಂಬ್ನಿಲ್ಲ."

ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಘರ್ಷಣೆಯ ಪಾಠವನ್ನು ಇಪ್ಪತ್ತೈದು ವರ್ಷ ಮಾಡಿದವಳು ನಾನು. ಎಣ್ಣೆಗಳ ಸ್ನಿಗ್ಧತೆ, ಅಂದರೆ ಅಂಟುತನ, ತಣ್ಣಗಿದ್ದಾಗ ಹೆಚ್ಚು, ಬಿಸಿಯಾದಾಗ ಕಡಿಮೆ ಎಂದು ಕರಿಹಲಗೆಯ ಮೇಲೆ ಬರೆಸಿ, ಮಕ್ಕಳಿಂದ ಐದೈದು ಸಲ ಹೇಳಿಸಿದವಳು. ಬೆಳಿಗ್ಗೆ ಬಿಗಿ, ಚಿನಕುರಳಿ ದಾಟಿದರೆ ಸಲೀಸು. ಇದಕ್ಕಿಂತ ಸ್ಪಷ್ಟವಾದ ಪ್ರಯೋಗ ಬೇಕೆ? ಎಲ್ಲವನ್ನೂ ಅನುಮಾನಿಸಿದೆ, ಎಣ್ಣೆಯನ್ನು ಮಾತ್ರ ಅನುಮಾನಿಸಲಿಲ್ಲ. ಮನುಷ್ಯರಿಗೆ ಒಂದು ಏಟು ಬಿದ್ದ ಮೇಲೆ ತಪ್ಪೆಲ್ಲ ತಮ್ಮದೇ ಅನ್ನಿಸತೊಡಗುತ್ತದೆಯೋ ಏನೋ.

ತೆಳ್ಳಗಿನ ಎಣ್ಣೆ ಆಚಾರ್ರ ಹತ್ತಿರವೇ ಇತ್ತು. ಒಮ್ಮೆ ತುಂಬಿ, ಓಡಿಸಿ, ಇಳಿಸಿ, ಒಳಗಿನ ಅಂಟು ಹೋಗಲೆಂದು ಮತ್ತೊಮ್ಮೆ ತುಂಬಿದರು. "ಈಗ್ಲೇ ಓಡ್ಸಿ ಊಂ ಅನ್ಬ್ಯಾಡಿ. ಇವತ್ತು ನಾಗಮಂಗ್ಲದಾಗೇ ಇದ್ದು, ಬೆಳಿಗ್ಗೆ ಮಂಜಲ್ಲಿ ಓಡ್ಸಿ. ತಣ್ಣಗಿರೋವಾಗ ಬಿದ್ರೆ ಬಿತ್ತು ಅಂತ" ಎಂದರು. ಅಲ್ಲೇ ಯಜಮಾನರ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಗಾಡಿ ಶೆಡ್ಡಿನ ಮುಂದೆ ಇತ್ತು.

ಬೆಳಿಗ್ಗೆ ಗಾಜಿನ ಮೇಲೆಲ್ಲ ಇಬ್ಬನಿ. ಪಕ್ಕದಲ್ಲಿ ಯಜಮಾನರು, ಆದರೆ ಆವತ್ತು ಬಾಗಿಲ ಹಿಡಿ ಹಿಡಿದುಕೊಳ್ಳಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಆಚಾರ್ರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಒಂದನೇ ಗೇರಿನಲ್ಲಿ ರಸ್ತೆಗಿಳಿದೆ. ಕ್ಲಚ್ ಒತ್ತಿದೆ. ಎಳೆಯಲು ಧೈರ್ಯ ಬರಲಿಲ್ಲ. ಈಗಲೂ ತಿಳಿಯದಿದ್ದರೆ ಎಣ್ಣೆಯ ನೆಪವೂ ಉಳಿಯುವುದಿಲ್ಲವಲ್ಲ! ಗಾಡಿ ತನ್ನ ಪಾಡಿಗೆ ಉರುಳುತ್ತಿತ್ತು.

"ಹಾಕು" ಎಂದರು ಯಜಮಾನರು, ಜೀವಮಾನದಲ್ಲಿ ಮೊದಲ ಸಲ.

ಎರಡು ಬೆರಳಿನಲ್ಲಿ ಎಳೆದೆ. ಕಡ್ಡಿ ಬಂತು. ಒಂದು ಕಡೆ ಸಣ್ಣಗೆ ತಡೆಯಿತು. ಆ ತಡೆ ತೋರುಬೆರಳ ಬುಡದಲ್ಲಿ, ದೂರದಿಂದ ಕೇಳಿದಷ್ಟು ಮಂದವಾಗಿ, ಆದರೆ ಖಂಡಿತವಾಗಿ ತಿಳಿಯಿತು. ಆಮೇಲೆ ಒಳಗಿನಿಂದ ಎಳೆದುಕೊಂಡಿತು. ಅದೂ ತಿಳಿಯಿತು. ನಾನು ನೂರು ಗಜವೂ ಹೋಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಅತ್ತೆ. ಯಜಮಾನರು, "ಬಂತಾ? ಬಂತಾ?" ಎಂದು ಕೇಳುತ್ತಲೇ ಇದ್ದರು. ಹಿಂದಿನಿಂದ ಹಾಲಿನ ಕ್ಯಾನು ಹೊತ್ತ ಮೊಪೆಡ್ಡಿನವನೊಬ್ಬ ನಿಂತು, "ಗಾಡಿ ಕೆಟ್ಟೋಯ್ತಾ ಸಾ?" ಎಂದು ವಿಚಾರಿಸಿದ. ಯಜಮಾನರು ಅವನಿಗೆ, "ಇಲ್ಲಪ್ಪ, ಸರಿಹೋಯ್ತು" ಎಂದರು.

ಪಿ.ಟಿ. ಮೇಷ್ಟ್ರಿಗೆ ಸೋಮವಾರ ಹೇಗೆ ಹೇಳುವುದು ಎಂದು ಒದ್ದಾಡುತ್ತಿದ್ದೆ. ಅವರೇ ನಗುತ್ತಾ, "ಆಚಾರ್ರು ಪೋನ್ ಮಾಡಿದ್ರು ಬುಡಿ ಮೇಡಮ್. ಆ ಗಾಡಿ ಆಸೆ ಬುಟ್ಬುಡ್ಲಾ ಅಂದ್ರು" ಎಂದರು. ಕಾಳಿನ ತಟ್ಟೆ ಮತ್ತೆ ಹೊರಬಂತು. ಈ ಸಲ ನಾನೇ ಕೇಳಿ ತೆಗೆಸಿದೆ.

ಇನ್ನು ನಿಂಗರಾಜನ ವಿಷಯ. ಅವನಿಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಯಜಮಾನರು ಹೇಳಿಬಿಡು ಎಂದರು. ನನಗೆ ಬಾಯಿ ಬರಲಿಲ್ಲ. ಹೌದು, ಅವನಿಂದಾಗಿ ಎಷ್ಟೋ ವಾರ ನನ್ನ ಕೈ ಸತ್ತಿದೆ ಎಂದು ನಂಬಿಕೊಂಡು ಅತ್ತಿದ್ದೇನೆ. ಆದರೆ ಕಬ್ಬು ಕಡಿಯುವ ಕಾಲದಲ್ಲಿ, ಆಳು ಸಿಗದ ದಿನಗಳಲ್ಲಿ, ಒಂದೂ ಭಾನುವಾರ ತಪ್ಪಿಸದೆ ಬಂದವನು ಅವನು. ತನ್ನ ಟ್ರಾಕ್ಟರಿಗೆ ಇಟ್ಟುಕೊಂಡಿದ್ದ ಒಳ್ಳೆಯದನ್ನೇ ನನ್ನ ಗಾಡಿಗೆ ಸುರಿದಿದ್ದ. ಆ ಎಣ್ಣೆ ತಪ್ಪಾದದ್ದು, ಆದರೆ ಅಷ್ಟು ದಪ್ಪನೆಯ ಪ್ರೀತಿ ನನಗೆ ಇನ್ನೆಲ್ಲಿ ಸಿಗಬೇಕು? ಅಪ್ಪನಿಗೆ, ಆಚಾರ್ರಿಗೆ, ಕಾಳು ಹರಡಿ ಕೂತ ನಮ್ಮ ಯಜಮಾನರಿಗೆ, ಗಂಟಲಮಟ್ಟ ಅಂಟು ತುಂಬಿಕೊಂಡೂ ಮುರಿಯದೆ ಉಳಿದ ಆ ಗೇರ್‌ಬಾಕ್ಸಿಗೆ ನಾನು ಎಷ್ಟು ಋಣಿಯೋ, ಅವನಿಗೂ ಅಷ್ಟೇ.

ಮುಂದಿನ ಭಾನುವಾರ ಅವನು ಬಂದ. ಎಳನೀರು ಇಳಿಸಿ, ಅಭ್ಯಾಸದಂತೆ ಕಾರಿನಲ್ಲಿ ಕೂತು ಬೀದಿಯ ಕೊನೆಗೆ ಹೋದ. ನಾನು ಪಕ್ಕದಲ್ಲಿ ಕೂತಿದ್ದೆ. ಒಂದರಿಂದ ಎರಡಕ್ಕೆ ಹಾಕಿದವನೇ ಹುಬ್ಬು ಗಂಟಿಕ್ಕಿದ. ಮತ್ತೆ ತೆಗೆದು ಮತ್ತೆ ಹಾಕಿದ. ಗಾಡಿ ನಿಲ್ಲಿಸಿದ.

"ಅಕ್ಕೋ, ಏನೋ ಎಡವಟ್ಟಾಗದೆ ಕಣಕ್ಕ. ಗೇರು ಪೂರಾ ಸಡ್ಲಾಗೋಗದೆ. ಕೈಗೇ ಸಿಗ್ತಾ ಇಲ್ಲ. ಆಯಿಲ್ ಸೋರೋಗಿರ್ಬೇಕು. ತಡಿ, ಡಿಕ್ಕಿಲಿ ನಾನಾವತ್ತು ಮಡಗಿದ್ ಕ್ಯಾನದೆ, ಈಗ್ಲೇ ತಂದು..."

"ಆಯಿಲ್ ಮುಟ್ಟುದ್ರೆ ಕೈ ಮುರೀತೀನಿ ಕಣ್ಲಾ!" ಎಂದು ಕಿರುಚಿದೆ.

ಕಿರುಚಿದ್ದಷ್ಟೇ ಅಲ್ಲ, ಬಾಗಿಲು ತೆಗೆಯಲು ಹೊರಟವನ ಕೈಯನ್ನು ಬಾಚಿ ಹಿಡಿದುಕೊಂಡಿದ್ದೆ. ನೋಡಿದರೆ, ಹಿಡಿದಿದ್ದು ಎಡಗೈಯಲ್ಲಿ. ಅವನು ಉದ್ದ ತೋಳಿನ ಅಂಗಿ ತೊಟ್ಟಿದ್ದ, ನನ್ನ ಬೆರಳುಗಳು ಆ ತೋಳಿನ ಒಳಗೆ ಅವನ ಮಣಿಕಟ್ಟಿನ ಮೇಲಿದ್ದವು. ಅಲ್ಲಿ ಸಣ್ಣ ಸಣ್ಣ ಗೀರುಗಳು. ಒಂದು, ಎರಡು, ಅದರ ಮೇಲೆ ಅಡ್ಡಕ್ಕೆ ಇನ್ನೊಂದು. ಕಬ್ಬಿನ ಗರಿ ಕೊಯ್ದದ್ದು. ಎಂದೂ ಅವನು ಹೇಳಿರಲಿಲ್ಲ, ನಾನು ನೋಡಿಯೂ ಇರಲಿಲ್ಲ. ಈಗಲೂ ಕಣ್ಣಿಗೆ ಕಾಣುತ್ತಿರಲಿಲ್ಲ.

"ಯಾಕಕ್ಕ, ಇಂಗಿಡ್ಕೊಂಡಿದೀಯ? ಆಯ್ತು ಬುಡು, ಆಯಿಲ್ ಆಕಾಕಿಲ್ಲ."

"ಒಸಿ ಒತ್ತು ಸುಮ್ನಿರ್ಲಾ" ಎಂದೆ. ಕೈ ಬಿಡಲಿಲ್ಲ.